ಮನೆವಾರ್ತೆಯೂ ಉದ್ಯೋಗವೂ

ಕನ್ನಡದಲ್ಲಿ ‘ಮನೆವಾರ್ತೆ’ ಎಂಬ ಪದವೊಂದುಂಟು. ಸಂಸಾರವನ್ನು ನಡೆಸಿಕೊಂಡು ಹೋಗುವ ಸಮಸ್ತ ವ್ಯವಹಾರವೂ ಅದರಲ್ಲಿ ಅಡಕವಾಗಿದೆ. ಇಲ್ಲಿಯ ‘ವಾರ್ತೆ’ಗೆ ಸುದ್ದಿಯೆಂಬ ಅರ್ಥವಿಲ್ಲ. ವೃತ್ತಿಯೆಂಬ ಶಬ್ದದೊಡನೆ ಸಂಬಂಧವುಳ್ಳ ‘ವಾರ್ತಾ’ ಎಂದರೆ ಜೀವನೋಪಾಯ. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನಾಲ್ಕು ವಿದ್ಯೆಗಳನ್ನು ಹೇಳುವಾಗ ವಾರ್ತೆಯನ್ನೂ ಒಂದೆಂದು ಎಣಿಸಿ, ಕೃಷಿ, ಪಶುಪಾಲನೆ, ವಾಣಿಜ್ಯಗಳು ಅದರ ಅಂಗಗಳೆಂದಿದ್ದಾನೆ. ಆದುದರಿಂದ ಮನೆ ಮತ್ತು ಜೀವನೋಪಾಯ ಎಂಬೆರಡೂ ಈ ಒಂದೇ ಸಮಾಸದಲ್ಲಿ ಕೂಡಿಕೊಂಡಿವೆ. ಕನ್ನಡ ಸಂಸ್ಕೃತಗಳೆರಡೂ ಬೆರೆತಿರುವುದರಿಂದ ವೈಯಾಕರಣರು ಇದನ್ನು ಅರಿಸಮಾಸವೆಂದು ದೂಷಿಸಬಹುದು. ಆದರೆ ಈ ಎರಡು ಪದಗಳು ನಿಜವಾಗಿ ಒಂದಕ್ಕೊಂದು ಅರಿಗಳಾದುದು ವ್ಯಾಕರಣದಲ್ಲಲ್ಲ, ಕಾರ್ಖಾನೆಯ ಗಂಟೆ ಹುಟ್ಟಿದ ಮೇಲೆ ಬಾಳಿನಲ್ಲಿ.

ಹೊಲದ ಬದುವಿನ ಮರಕ್ಕೆ ಸೀರೆಯ ತೊಟ್ಟಿಲು ಕಟ್ಟಿ ಕಳೆ ಕೀಳುತ್ತಿದ್ದ ತಾಯಿಯೂ ದುಡಿಯುವ ತಾಯಿಯೇ. ಮಗ್ಗದ ಮನೆಯಲ್ಲಿ ನೂಲು ಸುತ್ತುತ್ತಿದ್ದವಳೂ ಹಾಗೆಯೇ. ಅವರ ಕಷ್ಟ ಅಲ್ಪವೆಂದು ಯಾರೂ ಹೇಳಲಾರರು. ಆದರೆ ಕೂಸು ಅತ್ತಾಗ ಕೈಯ ಕೆಲಸವನ್ನು ಅರೆಗಳಿಗೆ ಬದಿಗಿಡಲು ಅವರು ಇನ್ನೊಬ್ಬರ ಅಪ್ಪಣೆಯನ್ನು ಬೇಡಬೇಕಾಗಿರಲಿಲ್ಲ. ದುಡಿಮೆಯ ಸ್ಥಳವು ಮನೆಯಿಂದ ದೂರವಾಗಿ, ದುಡಿಮೆಯ ವೇಳೆ ಗಡಿಯಾರಕ್ಕೆ ಅಧೀನವಾದಾಗ, ತಾಯಿಯಾದವಳು ಎರಡರಲ್ಲಿ ಒಂದನ್ನು ಬಿಡಬೇಕೆಂಬ ನಿಯಮವು ತಾನಾಗಿಯೇ ಬೆಳೆದು ನಿಂತಿತು. ಕೆಲವು ದೇಶಗಳಲ್ಲಿ ಅದು ಬರವಣಿಗೆಯ ಶಾಸನವೂ ಆಗಿತ್ತು. ಬ್ರಿಟನ್ನಿನ ಸರಕಾರಿ ಸೇವೆಯಲ್ಲಿ ವಿವಾಹವಾದ ಸ್ತ್ರೀಯು ಉದ್ಯೋಗವನ್ನು ಬಿಟ್ಟುಕೊಡಬೇಕೆಂಬ ಕಟ್ಟಳೆ ರದ್ದಾದದ್ದು 1946ರಲ್ಲಿ. ಕಟ್ಟಳೆ ಹೋದರೂ ವಾಡಿಕೆ ಹೋಗಲಿಲ್ಲ; ಮೊದಲ ಮಗು ಹುಟ್ಟಿದೊಡನೆ ಎಷ್ಟೋ ಮಂದಿ ವಿದ್ಯಾವಂತೆಯರು ಮನೆ ಸೇರುತ್ತಿದ್ದರು.

ಈ ವಾಡಿಕೆಯನ್ನು ತಿರುಗಿಸಿ ನೋಡಿದವರು ಶ್ರೀಮತಿ ಸ್ಟೆಫನಿ ಶರ್ಲಿ. 1933ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ನಗರದಲ್ಲಿ ಹುಟ್ಟಿದ ಇವರ ತಂದೆ ಯೆಹೂದ್ಯ ನ್ಯಾಯಾಧೀಶರು. ನಾಜಿಗಳ ಆಳ್ವಿಕೆಯಲ್ಲಿ ಪದವಿಯನ್ನು ಕಳೆದುಕೊಂಡವರು. 1939ರಲ್ಲಿ, ಐದು ವರ್ಷದ ಈ ಬಾಲಿಕೆಯನ್ನು ಅಕ್ಕನೊಡನೆ, ಮಕ್ಕಳನ್ನು ಪಾರುಮಾಡುತ್ತಿದ್ದ ರೈಲಿನಲ್ಲಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಅಪರಿಚಿತ ದಂಪತಿಗಳು ಸಾಕಿದರು. ಓದುತ್ತಿದ್ದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಬೋಧನೆ ಸಾಲದೆ, ಆ ಪಾಠಕ್ಕಾಗಿ ಗಂಡುಮಕ್ಕಳ ಶಾಲೆಗೆ ಹೋಗಬೇಕಾಯಿತು. ಮುಂದೆ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ ಕೆಲಸಮಾಡುತ್ತಲೇ ಸಂಜೆಯ ತರಗತಿಗಳಲ್ಲಿ ಓದಿ ಗಣಿತದಲ್ಲಿ ಪದವಿ ಪಡೆದರು. ಗಣಕಯಂತ್ರವು ಆಗ ಹೊಸ ವಿದ್ಯೆ. ಅದರಲ್ಲಿ ಪಾರಂಗತರಾದರೂ ಹೆಣ್ಣೆಂಬ ಕಾರಣಕ್ಕೆ ಮೇಲಿನ ಮೆಟ್ಟಿಲು ದೊರೆಯಲಿಲ್ಲ.

1962ರಲ್ಲಿ ಆರು ಪೌಂಡುಗಳ ಮೂಲಧನದಿಂದ ತಮ್ಮ ಮನೆಯಲ್ಲಿಯೇ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಎಂಬ ಸಂಸ್ಥೆಯನ್ನು ಅವರು ತೆರೆದರು. ಗಣಕಯಂತ್ರವು ಏನನ್ನು, ಯಾವ ಕ್ರಮದಲ್ಲಿ ಮಾಡಬೇಕೆಂದು ವಿಧಿಸುವ ಬರಹಕ್ಕೆ ಪ್ರೋಗ್ರಾಂ, ಅಂದರೆ ಕ್ರಮವಿಧಿ, ಎಂದು ಹೆಸರು. ಅದನ್ನು ಬರೆದು ಮಾರುವುದೇ ಸಂಸ್ಥೆಯ ವ್ಯಾಪಾರ. ಬರೆಯುವವರು ಯಾರು? ವಿವಾಹದಿಂದಲೋ ಮಗುವಿನ ನಿಮಿತ್ತದಿಂದಲೋ ಕೆಲಸ ಬಿಟ್ಟು ಮನೆಯಲ್ಲಿದ್ದ ಶಿಕ್ಷಿತ ಸ್ತ್ರೀಯರು. ಮೊದಲ ಮುನ್ನೂರು ಮಂದಿಯಲ್ಲಿ ಪುರುಷರು ಮೂವರು ಮಾತ್ರ. ‘ಸ್ಟೆಫನಿ’ ಎಂದು ಸಹಿ ಮಾಡಿ ಬರೆದ ವ್ಯವಹಾರದ ಕಾಗದಗಳಿಗೆ ಉತ್ತರ ಬರುತ್ತಿರಲಿಲ್ಲವಾಗಿ, ಪತಿಯ ಸಲಹೆಯಂತೆ ‘ಸ್ಟೀವ್’ ಎಂಬ ಗಂಡುಹೆಸರನ್ನು ಹಾಕಿದರು, ಉತ್ತರಗಳು ಬರತೊಡಗಿದವು. ದೂರವಾಣಿಯಲ್ಲಿ ಮಾತನಾಡುವಾಗ ಮನೆಯ ಗದ್ದಲವು ಆ ತುದಿಗೆ ಕೇಳಿಸದಿರಲೆಂದು ಬೆರಳಚ್ಚು ಯಂತ್ರದ ಸದ್ದನ್ನು ಧ್ವನಿಸುರುಳಿಯಲ್ಲಿ ಹಿಡಿದಿಟ್ಟು ಹಾಕುತ್ತಿದ್ದರಂತೆ. ಕೇಳಿ ನಗುವ ಸಂಗತಿಯಾದರೂ, ತಾಯ್ತನವನ್ನು ಅಪರಾಧದಂತೆ ಮುಚ್ಚಿಡಬೇಕಾಗಿದ್ದ ಕಾಲವದು ಎಂಬುದನ್ನು ಮರೆಯುವಂತಿಲ್ಲ.

ಈ ವ್ಯವಸ್ಥೆ ನಡೆದ ಬಗೆಯನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕದ್ದು. ಆ ಸ್ತ್ರೀಯರ ಮನೆಗಳಲ್ಲಿ ಗಣಕಯಂತ್ರಗಳಿರಲಿಲ್ಲ. ಪೆನ್ಸಿಲು ಕಾಗದಗಳೇ ಸಾಧನ. ಮೊದಲು ಕೆಲಸದ ಹಂತಗಳನ್ನು ರೇಖಾಚಿತ್ರವಾಗಿ ಬರೆದು, ಬಳಿಕ ಯಂತ್ರದ ಸಂಕೇತಭಾಷೆಯಲ್ಲಿ ವಿಧಿಗಳನ್ನು ಬರೆದು ಅಂಚೆಗೆ ಹಾಕುತ್ತಿದ್ದರು. ಗಣಕಕೇಂದ್ರದಲ್ಲಿ ಅದನ್ನು ಕಾಗದದ ಪಟ್ಟಿಯ ಮೇಲೋ ಕಾರ್ಡುಗಳ ಮೇಲೋ ರಂಧ್ರಗಳಾಗಿ ಕೊರೆದು, ತಪ್ಪು ತಿಳಿಯಲೆಂದು ಇನ್ನೊಮ್ಮೆ ಕೊರೆದು ತಾಳೆನೋಡುತ್ತಿದ್ದರು. ಬರೆದವಳು ನಡುಹಗಲಿನಲ್ಲಿ ಬರೆದಳೋ ಮಗು ಮಲಗಿದ ಮೇಲೆ ನಡುರಾತ್ರಿಯಲ್ಲಿ ಬರೆದಳೋ ಯಂತ್ರಕ್ಕೆ ಬೇಕಿಲ್ಲ. ವಿಧಿ ಸರಿಯಿದ್ದರೆ ಸಾಕು. ಧ್ವನಿಯ ವೇಗವನ್ನು ಮೀರಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ‘ಕಪ್ಪು ಪೆಟ್ಟಿಗೆ’ಯ ಕ್ರಮವಿಧಿಯನ್ನು ಹೀಗೆ ಮನೆಗಳಲ್ಲಿ ಕುಳಿತ ಸ್ತ್ರೀಯರೇ ರಚಿಸಿದರು. ಕುಳಿತ ಗಂಟೆಗಳನ್ನು ಎಣಿಸುವ ಬದಲು ಮುಗಿದ ಕಾರ್ಯವನ್ನು ಅಳೆಯುವುದೇ ಇದರ ಮರ್ಮ. ಹಾಗೆ ಅಳೆಯಬೇಕಾದರೆ ಕಾರ್ಯವನ್ನು ಮೊದಲೇ ಸ್ಪಷ್ಟವಾಗಿ ವಿಭಾಗಿಸಿ, ಪ್ರತಿ ಭಾಗಕ್ಕೂ ಅವಧಿಯನ್ನೂ ಗುಣದ ಮಟ್ಟವನ್ನೂ ಗೊತ್ತುಪಡಿಸಬೇಕು. ಮೇಲಧಿಕಾರಿಯ ಕಣ್ಣೆದುರು ಕೂತಿರುವುದನ್ನೇ ಕೆಲಸವೆಂದು ಎಣಿಸುವ ಕಚೇರಿಗಳಿಗೆ ಇದು ಸುಲಭವಲ್ಲ.

ವಿಚಿತ್ರವೆಂದರೆ, 1975ರಲ್ಲಿ ಬ್ರಿಟನ್ನಿನಲ್ಲಿ ಲಿಂಗಭೇದವನ್ನು ನಿಷೇಧಿಸುವ ಕಾಯಿದೆ ಬಂದಾಗ, ಸ್ತ್ರೀಯರಿಗೇ ಕೆಲಸ ಕೊಡುವ ಈ ಸಂಸ್ಥೆಯ ನಿಯಮವೇ ಕಾಯಿದೆಗೆ ವಿರುದ್ಧವಾಯಿತು! ಪುರುಷರನ್ನೂ ಸೇರಿಸಿಕೊಂಡರು. ಸಂಸ್ಥೆಯ ಪಾಲುಗಳನ್ನು ಶರ್ಲಿಯವರು ಕೆಲಸಗಾರರಿಗೇ ಹಂಚುತ್ತ ಬಂದುದರಿಂದ ಎಪ್ಪತ್ತು ಮಂದಿ ಲಕ್ಷಾಧೀಶ್ವರರಾದರು.

ಆದರೆ ಮನೆಯಲ್ಲಿ ಕುಳಿತು ಮಾಡುವ ಕೆಲಸವೆಲ್ಲ ಹೀಗೆಯೇ ಎಂದು ಭಾವಿಸಿದರೆ ತಪ್ಪಾದೀತು. ದಕ್ಷಿಣ ಕನ್ನಡದ ಎಷ್ಟೋ ಮನೆಗಳ ಜಗಲಿಗಳಲ್ಲಿ ತಾಯಂದಿರು ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತ ಬಂದಿದ್ದಾರೆ. ಎಲೆ, ಹೊಗೆಸೊಪ್ಪು ಗುತ್ತಿಗೆದಾರನಿಂದ. ಕೂಲಿ ಸಾವಿರಕ್ಕೆ ಇಷ್ಟೆಂದು. ಸಮಯ ಅವಳದೇ, ಮಗು ಪಕ್ಕದಲ್ಲೇ. ಹೊರನೋಟಕ್ಕೆ ಶರ್ಲಿಯವರ ವ್ಯವಸ್ಥೆಗೂ ಇದಕ್ಕೂ ಭೇದವಿಲ್ಲ. ಒಳಹೊಕ್ಕು ನೋಡಿದರೆ ಬೆಲೆ ಕಟ್ಟುವವನು ಬೇರೆ, ಸರಿಯಿಲ್ಲವೆಂದು ಬೀಡಿಯನ್ನು ತಿರಸ್ಕರಿಸುವವನು ಬೇರೆ. ಹೊಗೆಸೊಪ್ಪಿನ ಧೂಳು ಮಾತ್ರ ತಾಯಿಗೂ ಮಗುವಿಗೂ ಸಮಪಾಲು. ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಎಣಿಸಿದ ಕಾಯಿದೆ 1966ರಲ್ಲಿ ಬಂದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಗೃಹಾಧಾರಿತ ದುಡಿಮೆಯನ್ನು ಕುರಿತು ಪ್ರತ್ಯೇಕ ಒಡಂಬಡಿಕೆಯನ್ನು ಅಂಗೀಕರಿಸಿದ್ದು 1996ರಲ್ಲಿ. ಆದುದರಿಂದ ಸ್ಥಳವು ಮನೆಯೇ ಕಚೇರಿಯೇ ಎಂಬುದಕ್ಕಿಂತ, ವೇಳೆಯನ್ನೂ ಬೆಲೆಯನ್ನೂ ನಿಶ್ಚಯಿಸುವ ಅಧಿಕಾರ ಯಾರದೆಂಬುದೇ ಮುಖ್ಯ ಪ್ರಶ್ನೆ.

ಇನ್ನು, ದಾದಿಯರು, ಶಿಕ್ಷಕಿಯರು, ಬಸ್ಸಿನ ನಿರ್ವಾಹಕಿಯರು ತಮ್ಮ ಕೆಲಸವನ್ನು ಮನೆಗೆ ಒಯ್ಯಲಾರರು. ಅವರಿಗೆ ಬೇಕಾದುದು ಪಾಳಿಯನ್ನು ಬದಲಿಸಿಕೊಳ್ಳುವ ಅವಕಾಶ, ದೀರ್ಘ ರಜೆ, ಹತ್ತಿರದಲ್ಲೊಂದು ಶಿಶುಪಾಲನಾ ಗೃಹ. ಭಾರತದಲ್ಲಿ 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು, ಮೊದಲ ಎರಡು ಹೆರಿಗೆಗಳಿಗೆ ವೇತನಸಹಿತ ರಜೆಯನ್ನು ಹನ್ನೆರಡು ವಾರಗಳಿಂದ ಇಪ್ಪತ್ತಾರು ವಾರಗಳಿಗೆ ಏರಿಸಿತು; ಐವತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಗೃಹವಿರಬೇಕೆಂದಿತು; ಕೆಲಸದ ಸ್ವರೂಪ ಒಪ್ಪಿದರೆ, ರಜೆಯ ತರುವಾಯ ಮನೆಯಿಂದಲೇ ದುಡಿಯಲು ಮಾಲೀಕನೂ ತಾಯಿಯೂ ಪರಸ್ಪರ ಒಪ್ಪಂದ ಮಾಡಿಕೊಳ್ಳಬಹುದೆಂದಿತು. ಬ್ರಿಟನ್ನಿನಲ್ಲಿ ಎಳೆಯ ಮಕ್ಕಳ ತಾಯಿತಂದೆಗಳಿಗೆ ಕೆಲಸದ ವೇಳೆಯ ಬದಲಾವಣೆಯನ್ನು ಕೋರುವ ಹಕ್ಕು 2003ರಲ್ಲಿ ದೊರೆಯಿತು. 2014ರಲ್ಲಿ ಅದು ಇತರ ನೌಕರರಿಗೂ ವಿಸ್ತರಿಸಿ, 2024ರ ಏಪ್ರಿಲಿನಿಂದ ಕೆಲಸಕ್ಕೆ ಸೇರಿದ ಮೊದಲ ದಿನದಿಂದಲೇ ಅನ್ವಯವಾಯಿತು. ತಾಯಿತಂದೆ ಎಂಬ ಮಾತಿನಲ್ಲಿ ತಂದೆಯೂ ಇದ್ದಾನೆಂಬುದು ಗಮನಾರ್ಹ. ವೇಳೆಯ ಸಡಿಲಿಕೆಯನ್ನು ತಾಯಿಯೊಬ್ಬಳೇ ಕೋರುತ್ತಿರುವವರೆಗೆ, ಬಡ್ತಿಯಲ್ಲಿ ಹಿಂದುಳಿಯುವವಳೂ ಅವಳೊಬ್ಬಳೇ.

2020ರ ಸಾಂಕ್ರಾಮಿಕದ ಕಾಲದಲ್ಲಿ ಶಾಲೆಗಳು ಮುಚ್ಚಿ ಮನೆಗಳೇ ಕಚೇರಿಗಳಾದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ತಾಯಿ ಮನೆಯಲ್ಲಿರುವುದೂ ಮಗುವಿಗೆ ದೊರೆಯುವುದೂ ಒಂದೇ ಅಲ್ಲ. ಒಲೆ, ಪಾಠ, ಕಚೇರಿಯ ಕರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಬಂದರೆ ಸಡಿಲಿಕೆಯೆಂಬ ಮಾತಿಗೆ ಅರ್ಥ ಉಳಿಯದು.

ಈ ಕಷ್ಟ ಶರ್ಲಿಯವರಿಗೆ ಹೊಸದಾಗಿ ಕಾಣುತ್ತಿರಲಿಲ್ಲ. 1963ರಲ್ಲಿ ಹುಟ್ಟಿದ ಅವರ ಏಕಮಾತ್ರ ಪುತ್ರ ಜೈಲ್ಸ್, ಎರಡೂವರೆ ವರ್ಷದ ಸುಮಾರಿಗೆ ಕಲಿತ ಮಾತುಗಳನ್ನು ಕಳೆದುಕೊಂಡನು. ತೀವ್ರ ಸ್ವರೂಪದ ಆಟಿಸಂ ಎಂದು ವೈದ್ಯರು ನಿರ್ಣಯಿಸಿದರು. ನೂರಾರು ತಾಯಂದಿರಿಗೆ ಮನೆಯನ್ನೂ ದುಡಿಮೆಯನ್ನೂ ಕೂಡಿಸಿಕೊಟ್ಟ ಈ ತಾಯಿಗೆ ತನ್ನ ಮನೆಯಲ್ಲಿ ಅದು ಸಾಧ್ಯವಾಗಲಿಲ್ಲ. ಆಯಾಸದಿಂದ ಸ್ವತಃ ಕುಸಿದು ಆಸ್ಪತ್ರೆ ಸೇರಿದರು. ಹುಡುಗನೂ ಹದಿಮೂರರ ವಯಸ್ಸಿನ ಸುಮಾರಿಗೆ ದೊಡ್ಡ ಆಸ್ಪತ್ರೆಯೊಂದರ ಪಾಲಾಗಿ ಅಲ್ಲಿ ಹನ್ನೊಂದು ವರ್ಷ ಕಳೆದನು. ಅವನಂಥವರು ಆಸ್ಪತ್ರೆಯ ಹೊರಗೆ ಸಾಮಾನ್ಯ ಮನೆಗಳಲ್ಲಿ ಬಾಳಬೇಕೆಂದು ಶರ್ಲಿಯವರು ಕಿಂಗ್‌ವುಡ್ ಎಂಬ ಸಂಸ್ಥೆಯನ್ನು ಕಟ್ಟಿದಾಗ, ಅದರ ಮೊದಲ ನಿವಾಸಿ ಜೈಲ್ಸ್‌ನೇ. ಅವನು 1998ರಲ್ಲಿ ಅಪಸ್ಮಾರದಿಂದ ತೀರಿಕೊಂಡನು. ತಾಯಿ ತಮ್ಮ ಸಂಪತ್ತಿನ ಬಹುಭಾಗವನ್ನು ದಾನಮಾಡಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, 2025ರ ಆಗಸ್ಟಿನಲ್ಲಿ ನಿಧನರಾದರು.