ಪೂಜೆಯಿಲ್ಲದ ಗೊಂಬೆ ಹಬ್ಬಕ್ಕೆ ಏಳು ಸೂತ್ರ

ದೇವರಲ್ಲಿ ನಂಬಿಕೆಯಿಲ್ಲ, ಆದರೂ ನವರಾತ್ರಿ ಬಂತೆಂದರೆ ಅಟ್ಟದ ಮೇಲಿನ ಟ್ರಂಕಿನತ್ತ ಕಣ್ಣು ಹೋಗುತ್ತದೆಯೇ? ಹಾಗಾದರೆ ಗೊಂಬೆ ಇಳಿಸಿ. ಕಳಶ, ಮಂತ್ರ, ಮಂಗಳಾರತಿ ಇಲ್ಲದೆಯೂ ಈ ಹಬ್ಬ ನಡೆಯುತ್ತದೆ. ಮನೆಗೆ ನಾಲ್ಕು ಜನ ಬರದಿದ್ದರೆ ಮಾತ್ರ ನಡೆಯದು.

1. ದಿನ ಬದಲಿಸಬೇಡಿ. ‘ಬಿಡುವಾದಾಗ ಮಾಡೋಣ’ ಎಂದವರ ಟ್ರಂಕು ತೆರೆಯುವುದೇ ಇಲ್ಲ. ಪಾಡ್ಯಕ್ಕೆ ಕೂರಿಸಿ.

2. ಮೇಲಿನ ಮೆಟ್ಟಿಲು ಪಟ್ಟದ ಗೊಂಬೆಗಳದ್ದೇ ಇರಲಿ. ಹಳೆ ಮೈಸೂರು ಕಡೆ ರಾಜ-ರಾಣಿಯ ಈ ಮರದ ಜೋಡಿ ಮದುವೆಯಲ್ಲಿ ತವರಿನಿಂದ ಬರುವ ಉಡುಗೊರೆ. ಯಾರ ಮದುವೆಯಲ್ಲಿ ಬಂತು, ಯಾರು ಸೀರೆ ಉಡಿಸುತ್ತಿದ್ದರು ಎಂದು ಚೀಟಿ ಬರೆದು ಪಕ್ಕದಲ್ಲಿಡಿ.

3. ಶೆಟ್ಟರ ಅಂಗಡಿಯನ್ನು ಮಕ್ಕಳಿಗೆ ವಹಿಸಿ. ದಪ್ಪ ಹೊಟ್ಟೆಯ ಶೆಟ್ಟರು, ಶೆಟ್ಟಮ್ಮ, ಮುಂದೆ ಅಕ್ಕಿ-ಬೇಳೆ-ಬೆಲ್ಲದ ಪುಟ್ಟ ರಾಶಿಗಳು: ಇದರಲ್ಲಿ ಪೂಜೆ ಮೊದಲೂ ಇರಲಿಲ್ಲ. ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲಿದರೆ ಹಬ್ಬದ ನಡುವೆಯೇ ಹಸಿರು ಉದ್ಯಾನ. ಹೊಸ ಗೊಂಬೆ ಬೇಕೆಂದರೆ ಚನ್ನಪಟ್ಟಣದ ಅರಗಿನ ಬಣ್ಣದ್ದೋ ಕೊಪ್ಪಳ ಕಡೆಯ ಕಿನ್ನಾಳದ್ದೋ ತನ್ನಿ. ಎರಡಕ್ಕೂ ಜಿಐ ಮಾನ್ಯತೆಯಿದೆ.

4. ಯಾರನ್ನು ಕರೆಯುತ್ತೀರಿ ಎಂಬುದೇ ನಿಜವಾದ ಪರೀಕ್ಷೆ. ಅರಿಶಿನ-ಕುಂಕುಮದ ಕರೆ ಮುತ್ತೈದೆಯರಿಗಷ್ಟೇ ಹೋಗುತ್ತಿತ್ತು. ಗಂಡನನ್ನು ಕಳೆದುಕೊಂಡ ಸೋದರತ್ತೆ ಒಳಗೆ ಕೋಡುಬಳೆ ಕರಿಯುತ್ತಾ ಕೂರುತ್ತಿದ್ದರು. ಪೂಜೆ ಬಿಟ್ಟು ಆ ಪಟ್ಟಿಯನ್ನು ಹಾಗೇ ಉಳಿಸಿಕೊಂಡರೆ ಸಾಧಿಸಿದ್ದೇನು? ಆ ಅತ್ತೆಗೇ ಮೊದಲ ಕರೆ ಹೋಗಲಿ. ಎದುರು ಮನೆಯ ಮುಸ್ಲಿಂ ಕುಟುಂಬ, ವಾಚ್‌ಮನ್ ಮಕ್ಕಳು, ಮಹಡಿ ಮೇಲಿನ ಬ್ರಹ್ಮಚಾರಿ ಹುಡುಗರು, ಎಲ್ಲರೂ ಬರಲಿ. ವಾಟ್ಸಾಪ್ ಸಾಲದು, ಬಾಗಿಲು ತಟ್ಟಿ ಕರೆಯಿರಿ. ಬಂದವರಿಗೆ ತಟ್ಟೆ ಹಿಡಿಯುವ ಕೆಲಸ ಮನೆಯ ಗಂಡಸರದ್ದು.

5. ಗೊಂಬೆ ಬಾಗಿನ ತಪ್ಪಿಸಬೇಡಿ. ಸಂಜೆ ಬಂದ ಮಕ್ಕಳಿಂದ ಒಂದು ಹಾಡು ಹಾಡಿಸಿ (ಸಿನಿಮಾ ಹಾಡಾದರೂ ಸರಿ), ಕೈಗೆ ಕಡಲೆ ಉಸಲಿ, ರವೆ ಉಂಡೆ ಕೊಡಿ. ನೈವೇದ್ಯ ಇಲ್ಲವೆಂದು ಬೇಕರಿ ಪೊಟ್ಟಣ ಹಂಚುವುದು ಸೋಮಾರಿತನ. ಅದಕ್ಕೆ ವೈಚಾರಿಕತೆಯ ಹೆಸರು ಬೇಡ.

6. ಸರಸ್ವತಿ ಪೂಜೆಯಂದು ಪುಸ್ತಕ ಮುಟ್ಟಬಾರದು ಎಂಬುದು ಮಕ್ಕಳು ಚಾಚೂ ತಪ್ಪದೆ ಪಾಲಿಸುವ ನಿಯಮ! ನೀವು ಅಂದು ಓದಿ ಮುಗಿಸಿದ ಪುಸ್ತಕಗಳನ್ನು ಅದಲುಬದಲು ಮಾಡಿಸಿ. ಆಯುಧ ಪೂಜೆಗೆ ಸೈಕಲ್ ಚೈನಿಗೆ ಎಣ್ಣೆ ಬಿಡಿ, ಈಳಿಗೆಮಣೆ ಹದ ಮಾಡಿಸಿ. ಬೂದುಗುಂಬಳಕಾಯಿ ರಸ್ತೆಗಲ್ಲ, ಮಜ್ಜಿಗೆ ಹುಳಿಗೆ.

7. ಅಜ್ಜಿ ದೀಪ ಹಚ್ಚುತ್ತೇನೆಂದರೆ ಬೆಂಕಿಪೊಟ್ಟಣ ಕೊಡಿ. ವಾದಕ್ಕೆ ವರ್ಷವಿಡೀ ಸಮಯವಿದೆ.

ಹಬ್ಬ ಮುಗಿದ ಮೇಲೆ ಒಂದೊಂದನ್ನೂ ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಮಣ್ಣಿನ ಗೊಂಬೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಬಣ್ಣ ಬಿಡುತ್ತದೆ.