ಮುಗಿಯದ ಕೈತೊಳೆತ: ಗೀಳು ಕಾಯಿಲೆಯ ಚಿಕಿತ್ಸೆ ಎಲ್ಲಿಂದ ಶುರು?

ಬಚ್ಚಲಲ್ಲಿ ನಲ್ಲಿ ಸುರಿಯುತ್ತಲೇ ಇದೆ. ಒಳಗಿರುವವರು ಮುಕ್ಕಾಲು ಗಂಟೆಯಿಂದ ಕೈ ತೊಳೆಯುತ್ತಿದ್ದಾರೆ. ಹೊರಗಿರುವವರು ಬಾಗಿಲು ಬಡಿದು, ಗದರಿ, ಗೋಗರೆದು ಕೊನೆಗೆ ಸುಮ್ಮನಾಗಿದ್ದಾರೆ. ‘ಅವಳಿಗೆ ಮೊದಲಿನಿಂದಲೂ ಮಡಿ ಜಾಸ್ತಿ’ ಎಂದು ನೆಂಟರಿಷ್ಟರಿಗೆ ಹೇಳಿ ಹೇಳಿ ವರ್ಷಗಳೇ ಕಳೆದಿವೆ. ನಮ್ಮ ಬಂಧುಗಳ ಮನೆಯೊಂದರಲ್ಲಿ ಇದನ್ನು ಹತ್ತಿರದಿಂದ ಕಂಡಿದ್ದೇನೆ. ಬೆರಳ ಸಂದಿ ಬಿರಿದು ರಕ್ತ ಒಸರಿದಾಗ ಅವರು ಹೋದದ್ದು ಚರ್ಮದ ಡಾಕ್ಟರ ಬಳಿಗೆ. ಮಡಿ ಎಂಬ ಒಂದು ಮಾತು ಕಾಯಿಲೆಯನ್ನು ಅಷ್ಟು ಚೆನ್ನಾಗಿ ಮುಚ್ಚಿಟ್ಟಿತ್ತು.

ಇದರ ಹೆಸರು ಗೀಳು ಕಾಯಿಲೆ, ವೈದ್ಯರ ಮಾತಿನಲ್ಲಿ ಓಸಿಡಿ. ಮಡಿಗೂ ಇದಕ್ಕೂ ಇರುವ ವ್ಯತ್ಯಾಸ ಸರಳ. ಮಡಿಗೆ ಕೊನೆಯಿದೆ, ಸ್ನಾನವಾಯಿತು, ಬಟ್ಟೆ ಉಟ್ಟಾಯಿತು, ಮನಸ್ಸು ನಿರಾಳ. ಗೀಳಿನಲ್ಲಿ ನಿರಾಳವೆಂಬುದು ಕೆಲವೇ ನಿಮಿಷ, ಮತ್ತೆ ಅದೇ ಸಂಶಯ. ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಇದಕ್ಕೇ ಹೋಗುತ್ತಿದ್ದರೆ, ಅಥವಾ ಶಾಲೆ, ಕೆಲಸ, ಸಂಸಾರಕ್ಕೆ ಅಡ್ಡಿಯಾಗುತ್ತಿದ್ದರೆ ವೈದ್ಯರನ್ನು ಕಾಣಬೇಕು.

ಎಲ್ಲರೂ ಕೈಯನ್ನೇ ತೊಳೆಯುವುದಿಲ್ಲ. ಕೆಲವರು ಗ್ಯಾಸ್ ಸಿಲಿಂಡರನ್ನು, ಬೀಗವನ್ನು ಹತ್ತಾರು ಸಲ ನೋಡುತ್ತಾರೆ. ಇನ್ನು ಕೆಲವರಲ್ಲಿ ಹೊರಗೆ ಏನೂ ಕಾಣುವುದಿಲ್ಲ. ದೇವರ ಮುಂದೆ ನಿಂತರೆ ಕೊಳಕು ಬೈಗುಳ ಮನಸ್ಸಿಗೆ ನುಗ್ಗುತ್ತದೆ. ಹಸುಗೂಸನ್ನು ಎತ್ತಿಕೊಂಡ ಬಾಣಂತಿಗೆ ‘ಇದಕ್ಕೆ ನಾನೇ ಏನಾದರೂ ಮಾಡಿಬಿಟ್ಟರೆ?’ ಎಂಬ ಭಯ ಬರುತ್ತದೆ. ಇಂಥವರು ನಾಚಿಕೆಯಿಂದ ಬಾಯಿ ಬಿಡುವುದೇ ಇಲ್ಲ. ಅವರಿಗೊಂದು ಮಾತು: ಗೀಳಿನ ಯೋಚನೆ ನಿಮ್ಮ ಆಸೆಯಲ್ಲ. ಅದು ನಿಮ್ಮ ಸ್ವಭಾವಕ್ಕೆ ಒಗ್ಗದ್ದರಿಂದಲೇ ನಿಮ್ಮನ್ನು ಇಷ್ಟು ಹಿಂಸಿಸುತ್ತಿದೆ. ಮನೋವೈದ್ಯರು ಇದನ್ನು ಎಷ್ಟೋ ಸಲ ಕೇಳಿರುತ್ತಾರೆ, ಹೌಹಾರುವುದಿಲ್ಲ.

ಮೊದಲು ಒಂದು ನೋಟ್‌ಬುಕ್

ಆಸ್ಪತ್ರೆಗೆ ಹೋಗುವ ಮುನ್ನ ಒಂದು ವಾರ ಬರೆದಿಡಿ. ಯಾವ ಯೋಚನೆ ಬಂತು, ಅದಕ್ಕೆ ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು, ಆಗಿನ ತಳಮಳಕ್ಕೆ ನೂರಕ್ಕೆ ಎಷ್ಟು ಅಂಕ. ಹತ್ತು ನಿಮಿಷದ ಭೇಟಿಯಲ್ಲಿ ಹೇಳಲಾಗದ್ದನ್ನು ಈ ಹಾಳೆ ಹೇಳುತ್ತದೆ. ಮುಂದಿನ ಚಿಕಿತ್ಸೆಗೂ ಇದೇ ಅಡಿಪಾಯ.

ಎಲ್ಲಿಗೆ ಹೋಗಬೇಕು?

ಯಾರನ್ನು ಕೇಳಬೇಕೆಂದೇ ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಗೀಳು ಕಾಯಿಲೆಗೇ ಮೀಸಲಾದ ಕ್ಲಿನಿಕ್ ಇದೆ; ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಸರ್ಕಾರಿ ಮೆಡಿಕಲ್ ಕಾಲೇಜುಗಳ ಮನೋವೈದ್ಯ ವಿಭಾಗಕ್ಕೂ ಹೋಗಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ನಿಮ್ಮ ಊರಿನಲ್ಲಿ ಯಾವ ಮಂಗಳವಾರವೆಂದು ಮೊದಲೇ ವಿಚಾರಿಸಿಕೊಳ್ಳಿ. ಗುಟ್ಟು ರಟ್ಟಾದೀತೆಂಬ ಅಂಜಿಕೆ ಬೇಡ. ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ದೈಹಿಕ ಕಾಯಿಲೆಗಳಂತೆಯೇ ಇವಕ್ಕೂ ವಿಮೆ ಇರಬೇಕೆಂಬುದೂ ಅದೇ ಕಾಯ್ದೆಯಲ್ಲಿದೆ.

ಮನೋವೈದ್ಯರು ಔಷಧ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತು ಮತ್ತು ಅಭ್ಯಾಸದ ಮೂಲಕ ಚಿಕಿತ್ಸೆ ಕೊಡುತ್ತಾರೆ. ಎರಡನೆಯವರ ಬಳಿ ತಪ್ಪದೆ ಕೇಳಬೇಕಾದ ಪ್ರಶ್ನೆ: ‘ನೀವು ಇಆರ್‌ಪಿ ಮಾಡಿಸುತ್ತೀರಾ?’ (ಅದೇನೆಂಬುದು ಮುಂದೆ ಇದೆ.) ಬರೀ ಧೈರ್ಯ ಹೇಳುವ ಕೌನ್ಸೆಲಿಂಗ್‌ನಿಂದ ಗೀಳು ಜಗ್ಗುವುದಿಲ್ಲ.

ಮಾತ್ರೆಗೆ ತಾಳ್ಮೆ ಬೇಕು

ಸಾಮಾನ್ಯವಾಗಿ ಕೊಡುವುದು ಫ್ಲೂಆಕ್ಸೆಟಿನ್, ಸರ್ಟ್ರಲಿನ್, ಫ್ಲೂವಾಕ್ಸಮಿನ್‌ನಂಥ ಔಷಧಗಳು. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗಬಹುದು, ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು. ಎರಡು ವಾರ ನುಂಗಿ ‘ಏನೂ ಆಗಲಿಲ್ಲ’ ಎಂದು ಬಿಟ್ಟುಬಿಡುವವರೇ ಬಹಳ. ಮೊದಲ ದಿನಗಳಲ್ಲಿ ಹೊಟ್ಟೆ ತೊಳಸುವುದು, ನಿದ್ದೆ ಏರುಪೇರಾಗುವುದು ಉಂಟು. ಹದಿಹರೆಯದವರಲ್ಲಿ ಚಡಪಡಿಕೆಯೋ ಸಾಯುವ ಮಾತೋ ಕಂಡರೆ ಅಂದೇ ವೈದ್ಯರಿಗೆ ತಿಳಿಸಿ. ಇವು ಚಟ ಹಿಡಿಸುವ ಮಾತ್ರೆಗಳಲ್ಲ. ಹಾಗೆಂದು ಗುಣವಾಯಿತೆಂದು ತಟ್ಟನೆ ನಿಲ್ಲಿಸುವಂತೆಯೂ ಇಲ್ಲ; ಒಂದೆರಡು ವರ್ಷ ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು.

ಏಣಿ ಹತ್ತುವುದು

ಚಿಕಿತ್ಸೆಯ ಜೀವ ಇರುವುದು ಇಲ್ಲಿ. ಗೀಳಿನವರು ಕೈ ತೊಳೆದಾಗ ಆಗುವುದೇನು? ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ, ನೊರೆ ಆ ಕ್ಷಣಕ್ಕೆ ಇಳಿಯುತ್ತದೆ. ಕೆಳಗಿನ ಉರಿ ಹಾಗೇ ಇರುತ್ತದೆ. ‘ತೊಳೆದದ್ದಕ್ಕೇ ಬಚಾವಾದೆ’ ಎಂದು ಮನಸ್ಸು ಕಲಿತುಬಿಡುತ್ತದೆ. ತೊಳೆಯದೆ ಕೂತರೂ ಏನೂ ಆಗುವುದಿಲ್ಲ, ತಳಮಳ ಏರಿ ತಾನಾಗಿ ಇಳಿಯುತ್ತದೆ ಎಂಬುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಕ್ಕಿರುವುದಿಲ್ಲ. ಆ ಅವಕಾಶ ಕೊಡುವುದೇ ಇಆರ್‌ಪಿ: ಭಯ ಹುಟ್ಟಿಸುವುದನ್ನು ಎದುರಿಸುವುದು, ಆದರೆ ಗೀಳಿನ ಕ್ರಿಯೆ ಮಾಡದಿರುವುದು. ಈ ದಾರಿಯಲ್ಲಿ ಗುಣ ಕಂಡ ಇಬ್ಬರು ರೋಗಿಗಳ ವಿವರವನ್ನು ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ಗೀಳು ವಾಸಿಯಾಗದ್ದೆಂದೇ ಬಹುಪಾಲು ವೈದ್ಯರು ಕೈಚೆಲ್ಲಿದ್ದರು.

ಥೆರಪಿಸ್ಟ್ ಜೊತೆ ಕೂತು ಆ ನೋಟ್‌ಬುಕ್‌ನಿಂದಲೇ ಏಣಿ ಕಟ್ಟಬೇಕು. ಬೀದಿಯ ಕೊಳೆಗೆ ಹೆದರುವವರ ಏಣಿ ಹೀಗಿರಬಹುದು: ಕೆಳಗಿನ ಮೆಟ್ಟಿಲು, ತಳಮಳ 30 ಅಂಕದ್ದು, ಬಾಗಿಲ ಚಿಲಕ ಮುಟ್ಟಿ ಹದಿನೈದು ನಿಮಿಷ ಕೈ ತೊಳೆಯದೆ ಕೂರುವುದು. ಅದು ಸಪ್ಪೆಯೆನಿಸಿದ ಮೇಲೆ ಬಸ್ಸಿನ ಕಂಬಿ ಹಿಡಿದು ಬಂದು ಅದೇ ಕೈಯಲ್ಲಿ ಮೊಬೈಲ್ ಮುಟ್ಟುವುದು. ಆಮೇಲೆ ಚಪ್ಪಲಿ ಮುಟ್ಟಿದ ಕೈಯನ್ನು ಸ್ವಂತ ಹಾಸಿಗೆಯ ಮೇಲಿಡುವುದು. ಬೀಗದ ಗೀಳಿನವರಿಗಾದರೆ ಒಂದೇ ಸಲ ಬೀಗ ಹಾಕಿ, ಎಳೆದು ನೋಡದೆ, ಫೋಟೋ ತೆಗೆಯದೆ ಬೀದಿ ತಿರುವು ದಾಟುವುದು. ಮೆಟ್ಟಿಲನ್ನು ಆರಿಸುವವರು ರೋಗಿಯೇ. ಬಲವಂತದಿಂದ ಕೈ ಕಟ್ಟಿಹಾಕುವುದು ಚಿಕಿತ್ಸೆಯಲ್ಲ, ಹಿಂಸೆ. ಸಾಮಾನ್ಯವಾಗಿ 12ರಿಂದ 20 ಭೇಟಿಗಳು ಬೇಕು, ನಡುವೆ ದಿನವೂ ಮನೆಯಲ್ಲಿ ಅಭ್ಯಾಸ. ಕೈ ತೊಳೆಯದೆ ಮನಸ್ಸಿನಲ್ಲೇ ಜಪ ಮಾಡಿ ಶುದ್ಧಿ ಮಾಡಿಕೊಂಡರೆ ಅದೂ ತೊಳೆದಂತೆಯೇ ಲೆಕ್ಕ.

ಮನೆಯವರಿಗೆ

ನಮ್ಮ ಬಂಧುಗಳ ಮನೆಯಲ್ಲಿ ಹೊರಗಿನಿಂದ ಬಂದವರೆಲ್ಲ ಸ್ನಾನ ಮಾಡಿಯೇ ಒಳಗೆ ಬರಬೇಕಿತ್ತು. ‘ಸರಿಯಾಗಿ ತೊಳೆದಿದ್ದೇನಾ?’ ಎಂಬ ಪ್ರಶ್ನೆಗೆ ಎಲ್ಲರೂ ದಿನಕ್ಕೆ ಇಪ್ಪತ್ತು ಸಲ ‘ಹೂಂ, ಸರಿಯಾಗಿದೆ’ ಎನ್ನುತ್ತಿದ್ದರು. ಪ್ರೀತಿಯಿಂದಲೇ ಹೇಳಿದ ಆ ಮಾತು ಗೀಳಿಗೆ ಹಾಕುತ್ತಿದ್ದ ಊಟವಾಗಿತ್ತು. ಇದು ಅರ್ಥವಾದಾಗ ಅವರ ಅಣ್ಣ ಅತ್ತದ್ದು ನನಗೆ ನೆನಪಿದೆ.

ಹಾಗಂತ ನಾಳೆಯಿಂದಲೇ ಎಲ್ಲವನ್ನೂ ನಿಲ್ಲಿಸಬೇಡಿ. ರೋಗಿಯ ಜೊತೆ ಕೂತು, ಒಪ್ಪಿಗೆ ಪಡೆದು, ಒಂದೊಂದಾಗಿ ಕಡಿಮೆ ಮಾಡಿ. ಪ್ರಶ್ನೆ ಬಂದಾಗ ‘ಇದು ಗೀಳು ಕೇಳಿಸುತ್ತಿರುವ ಪ್ರಶ್ನೆ, ಉತ್ತರ ಕೊಡುವುದಿಲ್ಲ, ಆದರೆ ತಳಮಳ ಇಳಿಯುವವರೆಗೆ ನಿನ್ನ ಪಕ್ಕದಲ್ಲೇ ಕೂತಿರುತ್ತೇನೆ’ ಎನ್ನಿ. ಹಾಗೆಯೇ ಕೂತಿರಿ. ಬಯ್ಯುವುದು, ನೆಂಟರ ಮುಂದೆ ಹಂಗಿಸುವುದು, ಮದುವೆ ಮಾಡಿದರೆ ಸರಿಹೋದೀತೆಂದು ಗಂಡು ಹುಡುಕುವುದು, ಇವನ್ನು ಇಂದೇ ಬಿಡಬಹುದು. ಯೋಗ, ನಡಿಗೆ, ದೇವಸ್ಥಾನ ಎಲ್ಲವೂ ಇರಲಿ, ಮಾತ್ರೆ ಮತ್ತು ಏಣಿಯ ಬದಲಿಗಲ್ಲ.

ಮತ್ತೆ ಬಂದರೆ

ಪರೀಕ್ಷೆ, ಬಾಣಂತನ, ಮನೆ ಬದಲಾವಣೆ, ಸಾವು ಇಂಥ ಹೊತ್ತಿನಲ್ಲಿ ಹಳೆಯ ಗೀಳು ತಲೆ ಎತ್ತುವುದು ಸಾಮಾನ್ಯ. ಚಿಕಿತ್ಸೆ ಸೋತಿತೆಂದು ತಿಳಿಯಬೇಡಿ. ನೋಟ್‌ಬುಕ್ ತೆಗೆದು ಕೆಳಗಿನ ಮೆಟ್ಟಿಲಿನಿಂದ ಹತ್ತಿ. ಎರಡು ವಾರದಲ್ಲಿ ಹತೋಟಿಗೆ ಬಾರದಿದ್ದರೆ ಹಳೆಯ ಚೀಟಿಯೊಂದಿಗೆ ವೈದ್ಯರನ್ನು ಕಾಣಿ. ನಮ್ಮ ಬಂಧುವಿನ ಏಣಿಯ ಹಾಳೆ ಈಗಲೂ ಅವರ ಬೀರುವಿನಲ್ಲಿದೆ. ಮಗಳ ಹೆರಿಗೆಯ ಸಮಯದಲ್ಲಿ ಒಮ್ಮೆ ಹೊರಗೆ ತೆಗೆದಿದ್ದರು.