ಇಂಗ್ಲಿಷ್ ವಾಕ್ಯದಲ್ಲಿ ಕರ್ತೃಪದ

ನಮ್ಮ ವಿದ್ಯಾರ್ಥಿಗಳು ಇಂಗ್ಲಿಷಿನಲ್ಲಿ ‘ಕೇಮ್ ಯೆಸ್ಟರ್‌ಡೇ’ ಎಂದಷ್ಟೇ ಬರೆದು ವಾಕ್ಯ ಮುಗಿಯಿತೆಂದು ತಿಳಿಯುವುದುಂಟು. ಅಂಕ ಹೋಗುತ್ತದೆ, ಮಗುವಿಗೆ ಇಂಗ್ಲಿಷ್ ಹತ್ತದೆಂದು ತಂದೆತಾಯಿಗಳು ಮರುಗುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ, ಮಾತೃಭಾಷೆಯ ಅಭ್ಯಾಸ. ಕನ್ನಡದಲ್ಲಿ ‘ನಿನ್ನೆ ಬಂದೆನು’ ಎಂದರೆ ಬಂದವನು ನಾನೆಂಬುದು ಸ್ಪಷ್ಟ. ‘ಬಂದಳು’ ಎಂದರೆ ಬಂದವಳು ಹೆಣ್ಣೆಂಬುದು ಸ್ಪಷ್ಟ. ಕ್ರಿಯಾಪದದ ಕೊನೆಯ ಪ್ರತ್ಯಯವೇ ಕರ್ತೃವನ್ನು ಸೂಚಿಸುತ್ತದೆ. 13ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಈ ವಿಷಯಕ್ಕೆ ಆಖ್ಯಾತ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಮಲಯಾಳದಲ್ಲಾದರೋ ‘ವನ್ನು’ ಎಂಬ ಒಂದೇ ರೂಪವು ನಾನು, ನೀನು, ಅವಳು, ಅವರು ಎಲ್ಲರಿಗೂ ಸಲ್ಲುತ್ತದೆ. ಇಂಗ್ಲಿಷಿನ ‘ಕೇಮ್’ ಸಹ ಅಂತಹದೇ. ಎರಡು ಭಾಷೆಗಳನ್ನೂ ಬೀದಿಯಲ್ಲಿ ಕೇಳಿ ಬೆಳೆಯುವ ಕಾಸರಗೋಡಿನ ಮಕ್ಕಳಿಗೆ ಈ ಭೇದವು ಸುಲಭವಾಗಿ ತಿಳಿಯತಕ್ಕದ್ದು. ಆದರೆ ಮಲಯಾಳದಲ್ಲಿ ಸಂದರ್ಭದಿಂದ ಅರ್ಥವಾಗುವಲ್ಲಿ ಕರ್ತೃಪದವನ್ನು ಬಿಡಬಹುದು. ಇಂಗ್ಲಿಷಿನಲ್ಲಿ ಆಜ್ಞಾವಾಕ್ಯವನ್ನುಳಿದು ಸಾಮಾನ್ಯವಾಗಿ ಬಿಡಲಾಗದು.

ಗುರುತಿಸುವ ಬಗೆ ಹೀಗೆ: ಮೊದಲು ಕ್ರಿಯಾಪದವನ್ನು ಹಿಡಿಯಿರಿ, ಬಳಿಕ ‘ಯಾರು? ಯಾವುದು?’ ಎಂದು ಕೇಳಿರಿ. ‘ದ ಪ್ರೈಸ್ ಆಫ್ ಅರೆಕಾನಟ್ಸ್ ಹ್ಯಾಸ್ ಫಾಲನ್.’ ಬಿದ್ದುದು ಯಾವುದು? ಬೆಲೆ, ಅಡಿಕೆಯಲ್ಲ. (ಅಡಿಕೆ ಬಿದ್ದಿದ್ದರೆ ಹೆಕ್ಕಿ ತರಬಹುದಿತ್ತು!) ಕ್ರಿಯಾಪದದ ಪಕ್ಕದಲ್ಲಿ ಬಹುವಚನವನ್ನು ಕಂಡು ‘ಹ್ಯಾವ್’ ಎಂದು ಬರೆಯುವವರೇ ಹೆಚ್ಚು. ‘ಅಡಿಕೆಯ ಬೆಲೆ’ ಎನ್ನುವಾಗ ನಮ್ಮಲ್ಲಿ ಮುಖ್ಯಪದವು ಕೊನೆಗೆ ಬರುತ್ತದೆ. ಇಂಗ್ಲಿಷಿನ ಈ ರಚನೆಯಲ್ಲಿ ಅದು ಮೊದಲಿಗೇ ಬಂದು, ಉಳಿದುದು ಹಿಂಬಾಲಿಸುತ್ತದೆ. ಎಡವುವುದು ಇಲ್ಲಿಯೇ.

ಇನ್ನು ‘ನನಗೆ ಹಸಿವಾಗಿದೆ’ ಎಂಬಲ್ಲಿ ‘ನನಗೆ’ ಚತುರ್ಥೀ ವಿಭಕ್ತಿ. ಇಂಗ್ಲಿಷಿನಲ್ಲಿ ಹಸಿದವನೇ ಕರ್ತೃ: ‘ಐ ಆಮ್ ಹಂಗ್ರಿ’. ‘ಇಟ್ ಈಸ್ ರೈನಿಂಗ್’ ಎಂಬಲ್ಲಿಯ ‘ಇಟ್’ ಯಾವ ವಸ್ತುವನ್ನೂ ಹೇಳುವುದಿಲ್ಲ; ಕರ್ತೃವಿನ ಸ್ಥಾನ ಬರಿದಾಗಿರಬಾರದೆಂದು ಕುಳಿತಿದೆ, ಅಷ್ಟೆ. ‘ದೇರ್ ಆರ್ ಟೂ ಬೋಟ್ಸ್ ಆನ್ ದ ಚಂದ್ರಗಿರಿ’ ಎಂಬಲ್ಲಿ ದೋಣಿಗಳು ಕ್ರಿಯಾಪದದ ಅನಂತರ ಬಂದರೂ ‘ಆರ್’ ಎಂಬುದು ಅವುಗಳನ್ನೇ ಅನುಸರಿಸಿದೆ.

ಇಂಗ್ಲಿಷ್ ಅರಿಯದ ತಾಯಿಯೂ ಮಗುವಿನ ಪಕ್ಕದಲ್ಲಿ ಕುಳಿತು ಪ್ರತಿ ವಾಕ್ಯಕ್ಕೂ ‘ಯಾರು? ಯಾವುದು?’ ಎಂದು ಕೇಳಬಹುದು. ಇಂದು ಸಂಜೆ ಈ ಒಂದು ವಾಕ್ಯದಿಂದ ಆರಂಭಿಸಿರಿ: ‘ಒನ್ ಆಫ್ ದ ಗರ್ಲ್ಸ್ ಈಸ್ ಆಬ್ಸೆಂಟ್.’ ಗೈರುಹಾಜರಾದವರು ಎಷ್ಟು ಮಂದಿ?